ತಲಾ ಅರ್ಧ ಗಂಟೆ

ಇವತ್ತು ಬೆಳಿಗ್ಗೆ ನ್ಯಾಮತಿ ಬಸ್‌ಸ್ಟ್ಯಾಂಡಿನ ಹತ್ತಿರ ಫೋನು ರಿಪೇರಿ ಅಂಗಡಿಗೆ ಹೋಗಿದ್ದೆ. ನನ್ನ ಹಳೆಯ ಫೋನಿನಿಂದ ಸದ್ದೇ ಬರುತ್ತಿರಲಿಲ್ಲ. ಅಂಗಡಿಯವನು ಅದನ್ನು ಬಿಚ್ಚಿ, ಸೂಜಿಯಂಥದ್ದೊಂದು ತೆಗೆದುಕೊಂಡು, ಸದ್ದು ಬರುವ ತೂತುಗಳನ್ನು ಕೆದಕಿದ. ಒಣಗಿದ ಹಳದಿ ಪುಡಿ ಮೇಜಿನ ಮೇಲೆ ಉದುರಿತು. ಅದನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಅಮ್ಮಾ, ಇದು ಫೋನೋ ಊಟದ ತಟ್ಟೇನೋ? ಅನ್ನ, ಬೇಳೆ, ತುಪ್ಪ ಎಲ್ಲಾ ಇದ್ರೊಳಗೇ ಐತಲ್ರಿ."

ನಾನೂ ಮೂಸಿದೆ. ಸುಳ್ಳಲ್ಲ. ಮುಗ್ಗಿದ ತುಪ್ಪದ ವಾಸನೆ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದ ಮಹಾಯುದ್ಧದ ಅಳಿದುಳಿದ ಬೇಳೆ ಅದು. "ಮೊಮ್ಮಗಳದಪ್ಪಾ" ಎಂದೆ. ಅವನು "ಗೊತ್ತಾತು ಬಿಡ್ರಿ" ಎಂದು ತಲೆ ಬಗ್ಗಿಸಿ ಕೆದಕತೊಡಗಿದ. ದಿನಕ್ಕೆ ನನ್ನಂಥ ಎಷ್ಟು ಅಜ್ಜಿಯರು ಬರುತ್ತಾರೋ ಏನೋ.

ಶುರುವಾದದ್ದು ಹೀಗೆ. ಮೊಮ್ಮಗಳಿಗೆ ಆಗ ವರ್ಷ ತುಂಬಿತ್ತು ಅಷ್ಟೆ. ಹಲ್ಲು ಬರುವ ಕಾಲ, ಜೊತೆಗೆ ಜ್ವರ. ಒಂದು ತುತ್ತು ಇಳಿಯದು. ತುತ್ತು ಬಾಯಿಗಿಟ್ಟರೆ ಫೂ ಎಂದು ನನ್ನ ಮುಖಕ್ಕೇ ಉಗಿಯುತ್ತಿದ್ದಳು. ಹಸಿದ ಕೂಸನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ? ನನ್ನ ಮಗ ಮಂಜು ಅವಳ ಮುಂದೆ ಫೋನು ಹಿಡಿದ. ಅದರೊಳಗೆ ಒಂದು ನೀಲಿ ಆನೆ ಛತ್ರಿ ಹಿಡಿದು ಕುಣಿಯುತ್ತಿತ್ತು. ಮಗುವಿನ ಬಾಯಿ ತಾನಾಗಿ ತೆರೆದುಕೊಂಡಿತು. ನಾನು ಒಂದು ತುತ್ತು ಹಾಕಿದೆ, ನುಂಗಿತು. ಇನ್ನೊಂದು, ಅದನ್ನೂ ನುಂಗಿತು. ಬಟ್ಟಲು ಬರಿದಾಯಿತು. ಅಯ್ಯೋ ನನ್ನ ಸಂತೋಷವೇ! ಆ ಆನೆಗೆ ಕೈಮುಗಿಯುವುದೊಂದು ಬಾಕಿ.

ಆಮೇಲೆ ಆನೆ ಇಲ್ಲದೆ ಊಟವೇ ಇಲ್ಲ ಎಂದಾಯಿತು. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ತುತ್ತು. ಅವಳು ಬೇಳೆಯ ಬೆರಳಲ್ಲಿ ಪರದೆ ಒತ್ತುವಳು, ನಾನು ತುಪ್ಪದ ಬೆರಳಲ್ಲಿ ಹಾಡು ಬದಲಾಯಿಸುವೆನು. ಯಾವ ಭಾಷೆಯ ಹಾಡೋ ದೇವರೇ ಬಲ್ಲ, ನನಗೆ ಎಲ್ಲಾ ಬಾಯಿಪಾಠ. ಒಂದು ಸೋಮವಾರ ಪೂಜೆಗೆ ಕುಳಿತು ಕಣ್ಣು ಮುಚ್ಚಿದರೆ ಬಾಯಲ್ಲಿ ಬಂದದ್ದು ಆನೆಯ ಹಾಡು. ಗಂಟೆ ಕೂಡ ಅದೇ ತಾಳಕ್ಕೆ ಬಾರಿಸುತ್ತಿದ್ದೆನಂತೆ, ಸೊಸೆ ಹೇಳಿದಳು.

ಸೊಸೆ ಸುಧಾ ಹೊನ್ನಾಳಿಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಮಂಜು ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ. ಹಾಗಾಗಿ ಹಗಲೆಲ್ಲ ಮಗು ನನ್ನ ಮಡಿಲಿಗೆ. ಮನೆಯಲ್ಲಿ ಇನ್ನೊಂದು ಮಗುವೂ ಇತ್ತು, ನಮ್ಮ ಯಜಮಾನರು. ಅವರ ಫೋನಿನಲ್ಲಿ ಆನೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಮೆಕ್ಕೆಜೋಳದ ರೇಟು, ಅದಾದ ಮೇಲೆ ಮೊಣಕಾಲು ನೋವಿಗೆ ಎಕ್ಕದೆಲೆ ಕಟ್ಟುವ ಸ್ವಾಮಿ, ಆಮೇಲೆ ಯಾವುದೋ ಊರಿನ ಗೂಳಿ ಕಾಳಗ. ಒಲೆಯ ಮುಂದಿನಿಂದ "ರೀ!" ಎಂದು ಕೂಗಿದರೆ "ಹ್ಞೂಂ, ಬಂದೆ" ಎನ್ನುವರು. ಬರುವುದಿಲ್ಲ. ಮತ್ತೆ "ರೀ!" ಮತ್ತೆ "ಬಂದೆ." ಬಂದೆ ಬಂದೆ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ, ಅದು ಬೇರೆ ವಿಷಯ.

ಸುಧಾ ಓದಿದ ಹೆಣ್ಣು. ಎಲ್ಲೋ ಟ್ರೈನಿಂಗಿಗೆ ಹೋಗಿ ಬಂದವಳು ಒಂದು ರಾತ್ರಿ ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು. "ನೋಡ್ರಿ, ಇಷ್ಟು ಸಣ್ಣ ಮಕ್ಕಳಿಗೆ ಫೋನ್ ತೋರಿಸ್ಲೇಬಾರ್ದಂತೆ. ನಾವು ಒಮ್ಮೆಗೇ ಬಿಡಿಸಾಕೆ ಆಗಲ್ಲ. ಸದ್ಯಕ್ಕೆ ದಿನಕ್ಕೆ ಅರ್ಧ ಗಂಟೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಿಗೆ ಕೊಡಂಗಿಲ್ಲ." ಎಲ್ಲರೂ ತಲೆ ಆಡಿಸಿದೆವು. ಯಜಮಾನರಂತೂ "ಕರೆಕ್ಟಮ್ಮಾ, ಶಿಸ್ತು ಬೇಕು" ಎಂದರು.

ಅರ್ಧ ಗಂಟೆಯ ರೂಲ್ಸು ನಮ್ಮ ಮನೆಯಲ್ಲಿ ಹೇಗೆ ನಡೆಯಿತು ಗೊತ್ತೇ? ಬೆಳಿಗ್ಗೆ ತಲೆ ಬಾಚುವಾಗ ಸುಧಾಳದು ಅರ್ಧ ಗಂಟೆ. ಪಾಪ, ಬಸ್ಸು ತಪ್ಪಬಾರದಲ್ಲ. ಮಧ್ಯಾಹ್ನ ಊಟಕ್ಕೆ ನನ್ನದು ಅರ್ಧ ಗಂಟೆ. ನಾನು ಮಲಗಿದಾಗ ಅಜ್ಜನದು ಅರ್ಧ ಗಂಟೆ, ಗೂಳಿ ಕಾಳಗ ಸಮೇತ. ಮಂಜು ಊಟಕ್ಕೆ ಬಂದು ಹೋಗುವಾಗ ಅಳಬಾರದೆಂದು ಅವನದೊಂದು ಅರ್ಧ ಗಂಟೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲರೂ ತಮ್ಮದೇ ಆ ದಿನದ ಅರ್ಧ ಗಂಟೆ ಎಂದು ನಂಬಿದವರು. ಆಸ್ತಿ ಪಾಲಾದ ಹಾಗೆ ಮಗುವನ್ನು ತಲಾ ಅರ್ಧ ಗಂಟೆ ಹಂಚಿಕೊಂಡಿದ್ದೆವು. ಕೂಸಿಗೆ ಮಾತ್ರ ಎಲ್ಲಾ ಲೆಕ್ಕವೂ ಗೊತ್ತಿತ್ತು. ಬಾಯಿ ಬಾರದಿದ್ದರೇನು, ಯಾರ ಜೇಬು ಎಲ್ಲಿ ಎಂದು ಕೈಗೆ ಚೆನ್ನಾಗಿಯೇ ತಿಳಿದಿತ್ತು.

ಇದರ ಮೇಲೆ ಜಗಳೂರಿನಿಂದ ನನ್ನ ನಾದಿನಿಯ ಉಪದೇಶ. ದಿನಾ ವೀಡಿಯೋ ಕಾಲ್ ಮಾಡುವಳು. "ವೈನೀ, ಮಗೂಗೆ ಫೋನ್ ಕೊಡಬ್ಯಾಡ್ರಿ, ಕಣ್ಣು ಹಾಳಾಗ್ತಾವೆ. ನಮ್ಮ ಕಾಲದಾಗೆ ಇದೆಲ್ಲ ಇತ್ತಾ? ಎಲ್ಲಿ, ಮಗೂನ ಇತ್ತ ತೋರಿಸ್ರಿ. ಸಾನೂ, ಇಲ್ಲಿ ನೋಡು, ಅಜ್ಜಿ ನೋಡು, ಇನ್ನೂ ಹತ್ತಿರ ಬಾ." ಹೀಗೆ ಫೋನು ಕೊಡಬಾರದೆಂಬ ವಿಷಯವನ್ನು ಮಗುವಿನ ಮೂಗಿಗೆ ಫೋನು ಹಿಡಿಸಿಕೊಂಡೇ ಚಾರ್ಜು ಮುಗಿಯುವ ತನಕ ಹೇಳುತ್ತಿದ್ದಳು. ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಕಾಲದಲ್ಲಿ ಇರಲಿಲ್ಲ ಎಂದಳಲ್ಲ, ಅದೂ ಪೂರ್ತಿ ನಿಜವಲ್ಲ ಕಣ್ರಿ. ನನ್ನ ತವರು ಗೋವಿನಕೋವಿ. ಅಲ್ಲಿಗೆ ಬೇಸಿಗೆಯಲ್ಲಿ ಹತ್ತಿ ಎಕ್ಕಿ ಬಿಡಿಸುವ ಹುಸೇನಜ್ಜ ಬರುತ್ತಿದ್ದ. ಆಳೆತ್ತರದ ಬಿಲ್ಲು, ಅದಕ್ಕೊಂದು ನರದ ಹೆದೆ. ಕೊಡತಿಯಿಂದ ಮೀಟಿದರೆ ಠೊಂಯ್ ಎನ್ನುವುದು, ಹಾಸಿಗೆಯ ಗಂಟು ಹತ್ತಿ ಮೋಡವಾಗಿ ಏಳುವುದು. ನಾವು ಮಕ್ಕಳು ಕಣ್ಣು ಮಿಟುಕಿಸದೆ ಕುಳಿತುಬಿಡುತ್ತಿದ್ದೆವು. ಅವ್ವ ಅದೇ ಹೊತ್ತು ನೋಡಿ ರಾಗಿ ಮುದ್ದೆಯ ತಟ್ಟೆ ತಂದು ಎಲ್ಲರ ಬಾಯಿಗೂ ತುರುಕುತ್ತಿದ್ದಳು. ಏನು ತಿಂದೆವೆಂದು ನಮಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹುಸೇನಜ್ಜ ನಡುವೆ ಕೈ ನಿಲ್ಲಿಸಿ "ಏ ಗುಂಡವ್ವಾ, ಮೂಗು ಒರಸ್ಕೋ, ಹತ್ತಿ ಅಂಟ್ಕಂತೈತಿ" ಎಂದು ನನಗೇ ಹೇಳುತ್ತಿದ್ದ. ನಾವು ನಕ್ಕರೆ ಅವನೂ ನಗುತ್ತಿದ್ದ. ನೀಲಿ ಆನೆಗೆ ನನ್ನ ಮೊಮ್ಮಗಳ ಮೂಗು ಸೋರುತ್ತಿರುವುದು ಕಾಣುತ್ತಿರಲಿಲ್ಲ.

ಇಷ್ಟರಲ್ಲಿ ಅವಳಿಗೆ ಎರಡು ದಾಟಿತು. ಓಣಿಯ ಅದೇ ವಯಸ್ಸಿನ ಮಕ್ಕಳು ಅವ್ವ, ಅಪ್ಪ, ಬೌ ಬೌ, ಕೊಡು, ಬ್ಯಾಡ ಎಲ್ಲಾ ಅನ್ನುತ್ತಿದ್ದರು. ಇವಳು ಏನೂ ಇಲ್ಲ. ಬೇಕಾದ್ದಕ್ಕೆ ಕೈ ಹಿಡಿದು ಎಳೆಯುವುದು, ಕೊಡದಿದ್ದರೆ ಕಿರುಚುವುದು. ಚನ್ನಗಿರಿ ಕಡೆ ಒಂದು ಮದುವೆಗೆ ಹೋದಾಗ ನೆಂಟರೆಲ್ಲ "ಅವರಪ್ಪನೂ ತಡವಾಗೇ ಮಾತಾಡಿದ್ದು ಬಿಡ್ರಿ" ಎಂದರು. ಆ ದಿನ ಸೂಳೆಕೆರೆ ಏರಿಯ ಮೇಲೆ ಕರೆದುಕೊಂಡು ಹೋದೆವು. ಕಣ್ಣು ಹಾಯುವಷ್ಟೂ ನೀರು, ನೀರಿನ ತುಂಬ ಬಿಸಿಲು. ಮಂಜು ಅದರ ಫೋಟೋ ಹಿಡಿದ. ನಮ್ಮ ಮೊಮ್ಮಗಳು ನೀರಿಗೆ ಬೆನ್ನು ಮಾಡಿ ನಿಂತು ಅವನ ಫೋನಿನೊಳಗಿನ ಕೆರೆ ನೋಡಿದಳು! ಡಾಕ್ಟರಿಗೆ ತೋರಿಸಲೇಬೇಕು ಎಂದು ಅವತ್ತೇ ಹಟ ಹಿಡಿದೆ.

ಹೊನ್ನಾಳಿಯ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಬೇರೇನೂ ಕೇಳಲಿಲ್ಲ, ಮೊದಲು ಒಂದೇ ಪ್ರಶ್ನೆ. "ಹೆಸರು ಹಿಡಿದು ಕರೆದರೆ ತಿರುಗಿ ನೋಡ್ತಾಳಾ?"

ನಾನು ಸುಧಾಳ ಮುಖ ನೋಡಿದೆ. ಸುಧಾ ನನ್ನ ಮುಖ ನೋಡಿದಳು. ಹೆಸರೇನೋ ಸಾನ್ವಿ ಎಂದು ಇಟ್ಟಿದ್ದೆವು. ಆದರೆ ದೃಷ್ಟಿಯಾಗುತ್ತದೆಂದು ನಾನು ಕರೆಯುವುದು ಪುಟ್ಟವ್ವ, ಅಜ್ಜ ಕರೆಯುವುದು ರಾಣಿ, ಅಪ್ಪನಿಗೆ ಚಿನ್ನು, ಅಮ್ಮನಿಗೆ ಬಂಗಾರಿ, ಜಗಳೂರಿಗೆ ಸಾನು. ಡಾಕ್ಟರು ನಕ್ಕರು. "ಮೊದಲು ಎಲ್ಲರೂ ಸೇರಿ ಒಂದು ಹೆಸರಿಗೆ ಬನ್ರಿ" ಎಂದರು. ಆಮೇಲೆ ನಗು ಬಿಟ್ಟು ಹೇಳಿದರು. "ಯಾವ ಹೆಸರಿಗೂ ತಿರುಗಲ್ಲ ಅಂದ್ರೆ ಕಿವಿ ಪರೀಕ್ಷೆ ಮಾಡಿಸಬೇಕು. ಆಮೇಲೆ ಮುಂದಿನದು ನೋಡಾನ. ಅಲ್ಲೀತನ ಫೋನ್ ಪೂರ್ತಿ ಬಂದ್. ಮಾತು ಎದುರಿಗೆ ಕೂತ ಮನುಷ್ಯರಿಂದ ಬರಬೇಕಮ್ಮ."

ವಾಪಸು ಬರುವ ಬಸ್ಸಿನಲ್ಲಿ ಸುಧಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವಳು ತಿರುಗದೆಯೇ ಹೇಳಿದಳು, "ಅತ್ತೆ, ದಿನಾ ಐವತ್ತು ಮಕ್ಕಳು ಮಿಸ್ ಮಿಸ್ ಅಂತ ಕರೀತಾವೆ. ಇದೊಂದು ನನ್ನ ಇನ್ನೂ ಕರೀಲೇ ಇಲ್ಲ ನೋಡ್ರಿ." ಅವಳ ಕೈ ಹಿಡಿದುಕೊಂಡೆ.

ಅಂದಿನಿಂದ ಫೋನುಗಳನ್ನು ಬಚ್ಚಿಡುವ ಕೆಲಸ ಶುರುವಾಯಿತು. ಬಿಡುವ ಕೆಲಸ ಅಲ್ಲ, ಬಚ್ಚಿಡುವ ಕೆಲಸ, ಗಮನಿಸಿ. ನನ್ನದು ಅಕ್ಕಿ ಡಬ್ಬದಲ್ಲಿ, ಮಂಜುವಿನದು ಹೆಲ್ಮೆಟ್ಟಿನೊಳಗೆ. ಮಗು ಕಣ್ಮರೆಯಾದರೆ ಸಾಕು, ಎಲ್ಲರ ಕೈಯೂ ತಮ್ಮ ತಮ್ಮ ಅಡಗುದಾಣಕ್ಕೆ. ಯಜಮಾನರದೇ ಘನಂದಾರಿ ಕೆಲಸ.

ಅದು ಮೆಕ್ಕೆಜೋಳದ ಕಾಲ. ಗೋವಿನಕೋವಿಯ ಹತ್ತಿರ ನಮ್ಮದೊಂದು ಸಣ್ಣ ಹೊಲ, ಕಣದಲ್ಲಿ ಜೋಳ ಒಣಗಿ ರಾಶಿಯಾಗಿತ್ತು. ಭಾನುವಾರ ಎಲ್ಲರೂ ಹೋಗಿದ್ದೆವು. ಯಜಮಾನರು ರಾಶಿಗೆ ಒರಗಿ ಗೂಳಿ ಕಾಳಗ ನೋಡುತ್ತಿದ್ದರು. ಮಗು ತಟ್ಟಾಡುತ್ತ ಅವರ ಕಡೆ ಬರುವುದು ಕಂಡಿತು. ಸರಕ್ಕನೆ ಫೋನನ್ನು ರಾಶಿಯೊಳಗೆ ತುರುಕಿ, ಮೇಲೆ ಎರಡು ಬೊಗಸೆ ಜೋಳ ಎಳೆದು, ಆಕಾಶ ನೋಡುತ್ತ ಕುಳಿತರಂತೆ. ಆಮೇಲೆ ಚಾ ಕುಡಿಯಲು ಎದ್ದು ಹೋದರು. ಅಷ್ಟರಲ್ಲಿ ಲಾರಿ ಬಂತು. ಹಮಾಲರು ಜೋಳ ತುಂಬಿದರು, ಚೀಲದ ಬಾಯಿ ಹೊಲಿದರು, ಅರ್ಧ ಲೋಡು ಏರಿಸಿಯೂ ಬಿಟ್ಟರು.

ಯಜಮಾನರು ಬಂದು ಖಾಲಿ ಕಣದಲ್ಲಿ ಕಾಲಾಡಿಸುತ್ತ ಸುತ್ತತೊಡಗಿದರು.

"ಏನ್ರೀ ಕಳಕೊಂಡ್ರಿ?"

"ಏನಿಲ್ಲ."

"ಏನಿಲ್ಲ ಅಂದ್ರೆ ಮತ್ಯಾಕೆ ನೆಲ ಕೆದಕ್ತೀರಿ, ಕೋಳಿ ಕೆದಕಿದಂಗೆ?"

ಕೊನೆಗೆ ಬಾಯಿ ಬಿಟ್ಟರು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಜು ತನ್ನ ಫೋನಿನಿಂದ ಅಪ್ಪನ ನಂಬರಿಗೆ ಹಚ್ಚಿದ. ಎಲ್ಲೋ ಸಣ್ಣಗೆ ಸನಾದಿ ಕೇಳಿಸಿತು, ಅವರ ರಿಂಗ್‌ಟೋನು. ಎಲ್ಲಿಂದ ಎಂದು ತಿಳಿಯದು. ಹಮಾಲರು ಲಾರಿ ಹತ್ತಿ ಒಂದೊಂದು ಚೀಲಕ್ಕೂ ಕಿವಿ ಹಚ್ಚಿ "ಇದ್ರಾಗಿಲ್ಲ, ಇದ್ರಾಗೂ ಇಲ್ಲ" ಎನ್ನುತ್ತಿದ್ದರು. ಆಗ ನನ್ನ ಸೊಂಟದ ಮೇಲಿದ್ದ ಮಗು ಜಾರಿ ಇಳಿಯಿತು. ಲಾರಿಯ ಗಾಲಿಗೆ ಒರಗಿಸಿದ್ದ ಚೀಲಗಳ ಕಡೆ ನೇರ ಓಡಿ, ಮೂರನ್ನು ಬಿಟ್ಟು ಮುಂದಿನದಕ್ಕೆ ಎರಡೂ ಕೈ ಹಚ್ಚಿ, ಕೆನ್ನೆ ಆನಿಸಿ ನಿಂತಿತು. ಬಿಚ್ಚಿ ನೋಡಿದರೆ ಅದರಲ್ಲೇ ಫೋನು, ಮೈಗೆಲ್ಲ ಜೋಳದ ದೂಳು ಬಳಿದುಕೊಂಡು ಸನಾದಿ ಊದುತ್ತಿತ್ತು.

"ಭಲೇ ಭಲೇ! ಏನು ಕಿವಿನವ್ವಾ ನಿಂದು!" ಎಂದು ಹಮಾಲರೆಲ್ಲ ಚಪ್ಪಾಳೆ ತಟ್ಟಿದರು. ನನಗೂ ಜೀವ ಬಂದಂತಾಯಿತು. ಕಿವಿ ಕೇಳುತ್ತದೆ! "ಸಾನ್ವೀ" ಎಂದು ಕೂಗಿದೆ. ತಿರುಗಲಿಲ್ಲ. ಒಂದೇ ಮಾರು ದೂರದಲ್ಲಿದ್ದೆ. "ಸಾನ್ವೀ, ಪುಟ್ಟವ್ವಾ, ನನ್ನವ್ವಾ!" ಅವಳ ಕಣ್ಣು ಅಜ್ಜನ ಕೈಲಿದ್ದ ಫೋನಿನ ಮೇಲೇ. ಸುಧಾ ನನ್ನ ಹಿಂದೆಯೇ ನಿಂತಿದ್ದಳು. ಅವಳು ಕರೆಯುವ ಧೈರ್ಯವನ್ನೇ ಮಾಡಲಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು, ಹಮಾಲರ ಮುಂದೆ ಗಂಡನೆಂದೂ ನೋಡಲಿಲ್ಲ. "ಬೇಲೀನೇ ಎದ್ದು ಹೊಲ ಮೇಯಾಕೆ ನಿಂತರೆ ಕಾಯೋರ್ಯಾರ್ರೀ? ಕೂಸಿಗೆ ಬ್ಯಾಡ ಅನ್ನಾಕೆ ನಮಗ್ಯಾವ ಬಾಯೈತೆ? ಜೋಳದಾಗೆ ಇಡ್ತೀರಿ, ಅಕ್ಕ್ಯಾಗೆ ಇಡ್ತೀನಿ, ಎಷ್ಟು ದಿನ ಹಿಂಗೆ ಕಳ್ಳರಂಗೆ ಬಾಳಾದು?" ಕೂಗುತ್ತ ಕೂಗುತ್ತ ಅಳು ಬಂದುಬಿಟ್ಟಿತು. ಯಜಮಾನರು ಮೊದಲ ಬಾರಿಗೆ "ಬಂದೆ" ಅನ್ನದೆ ಬಂದು, ಫೋನನ್ನು ಸುಧಾಳ ಕೈಗೆ ಕೊಟ್ಟರು.

ಸುಧಾ ಅವತ್ತು ಹೊಸ ರೂಲ್ಸು ತಂದಳು. "ಮಗೂಗಲ್ಲ ಅತ್ತೆ, ನಮಗೆ." ಹೊಸ್ತಿಲ ಒಳಗೆ ಯಾರೂ ಫೋನು ಮುಟ್ಟುವಂತಿಲ್ಲ. ಎಲ್ಲಾ ಕೂಸಿಗೆ ಎಟುಕದ ನಾಗಂದಿಗೆಯ ಮೇಲೆ. ಕರೆ ಬಂದರೆ ತೆಗೆದುಕೊಂಡು ಬೀದಿಗೆ ಹೋಗಿ ಮಾತಾಡಬೇಕು. ಜಗಳೂರಿಗೆ ನಾನೇ ಹೇಳಿದೆ, "ಮುಖ ನೋಡಬೇಕಾದ್ರೆ ಬಸ್ ಹತ್ತಿ ಬಾರವ್ವಾ." ನಾದಿನಿ ಹದಿನೈದು ದಿನ ಮಾತು ಬಿಟ್ಟಳು, ಅದೂ ಒಂದು ಲಾಭವೇ.

ಆ ಮೊದಲ ದಿನಗಳು! ಹೇಳಬಾರದು. ಮಗು ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿತು. ಪಕ್ಕದ ಮನೆಯ ಬೀಬಮ್ಮ ಓಡಿಬಂದು "ಯಾ ಅಲ್ಲಾ, ಕೂಸಿಗೆ ಹೊಡೀತಿದೀರೇನ್ರಿ?" ಎಂದು ಕೇಳಿದಳು. ಯಜಮಾನರು ಸಿಡಿಮಿಡಿಯೆಂದು ಜಗುಲಿ ಮೇಲೆ ಕುಳಿತು ಹೋಗುವ ಬಸ್ಸುಗಳ ಬೋರ್ಡು ಗಟ್ಟಿಯಾಗಿ ಓದುತ್ತಿದ್ದರು. ನಾನಂತೂ ಯಾರು ಸಿಕ್ಕರೆ ಅವರ ಮೇಲೆ ರೇಗುತ್ತಿದ್ದೆ. ಇಟ್ಟ ತುತ್ತನ್ನೆಲ್ಲ ಅವಳು ಎಸೆದಳು. ಒಂದು ಮಧ್ಯಾಹ್ನ ಸಾಕಾಗಿ ಹೋಗಿ, "ತಿನ್ನದಿದ್ರೆ ಬಿಡು, ನಾನಾದ್ರೂ ತಿಂತೀನಿ" ಎಂದು ಅವಳ ಬಟ್ಟಲಿನ ಅನ್ನವನ್ನು ನಾನೇ ತಿನ್ನತೊಡಗಿದೆ. ಅಳು ನಿಂತಿತು. ಹತ್ತಿರ ಬಂದಳು. ಒಂದು ಹಿಡಿ ಅನ್ನ ತೆಗೆದು ನನ್ನ ಬಾಯಿಗೆ ತುರುಕಿ, ನಾನು ಅಗಿಯುವುದನ್ನು ನೋಡುತ್ತ ನಿಂತಳು. ನನ್ನ ಬಾಯಿ, ಮೂಗು, ಕಣ್ಣು ಎಲ್ಲವನ್ನೂ ಹೊಸದಾಗಿ ಕಂಡವಳ ಹಾಗೆ ನೋಡಿದಳು. ಅವತ್ತು ಅವಳಿಗೆ ನಾಲ್ಕು ತುತ್ತು, ನನಗೆ ಬಟ್ಟಲು ಪೂರ್ತಿ. ಹಾಗೇ ದಿನವೂ ನಡೆದು ನಾನು ದಪ್ಪಗಾದೆ, ಅದಿರಲಿ.

ಕಿವಿಯ ಪರೀಕ್ಷೆಯನ್ನೂ ಮಾಡಿಸಿದೆವು, ಏನೂ ತೊಂದರೆ ಇಲ್ಲ ಎಂದರು. ಕಾಯಿರಿ ಎಂದರು. ಕಾದೆವು. ಜೋಳ ಹೋಗಿ ಕಣ ಖಾಲಿಯಾಗಿ, ಬಿಸಿಲು ಬಂತು. ಮಗು ಈಗ ನಮ್ಮ ಮುಖ ನೋಡುತ್ತಿತ್ತು, ನಗುತ್ತಿತ್ತು, ಸೆರಗು ಹಿಡಿದು ಹಿಂದೆಯೇ ಬರುತ್ತಿತ್ತು. ಹೆಸರು ಕರೆದರೆ ಒಮ್ಮೊಮ್ಮೆ ತಿರುಗುತ್ತಿತ್ತು. ಮಾತು ಮಾತ್ರ ಇಲ್ಲ. ಸುಧಾ ದಿನಾ ರಾತ್ರಿ ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡು "ಅಮ್ಮ ಅನ್ನು, ಅಮ್ಮ" ಎನ್ನುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು.

ಒಂದು ಸಂಜೆ ಸುಧಾ ಬಸ್ಸಿಳಿದು ಬಂದವಳು ಗೇಟಿನ ಹೊರಗೇ ನಿಂತು ಶಾಲೆಯ ಗ್ರೂಪಿನ ಮೆಸೇಜು ನೋಡುತ್ತಿದ್ದಳು. ರೂಲ್ಸು ಅವಳದೇ, ಒಳಗೆ ಬಂದ ಮೇಲೆ ನೋಡುವಂತಿಲ್ಲವಲ್ಲ. ಮಗು ಹೊಸ್ತಿಲ ಮೇಲೆ ನಿಂತು ಕಾಯುತ್ತಿತ್ತು. ನಾನು ಒಳಗೆ ದೀಪಕ್ಕೆ ಬತ್ತಿ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಹೊರಗಿನಿಂದ ಗಟ್ಟಿಯಾಗಿ, ಸಿಟ್ಟಿನಲ್ಲಿ, ಯಾರೋ ಕೂಗಿದರು.

"ರೀ!"

ನಾನೇ ಕೂಗಿದೆನೇನೋ ಅನ್ನಿಸಿತು. ಅದೇ ರಾಗ, ಅದೇ ರೋಸಿದ ದನಿ. ಹಿತ್ತಿಲಿನಿಂದ ಯಜಮಾನರು "ಹ್ಞೂಂ, ಬಂದೆ" ಎಂದು ನಿಜವಾಗಿಯೂ ಬಂದೇಬಿಟ್ಟರು. ನಾವಿಬ್ಬರೂ ಬಾಗಿಲಿಗೆ ಹೋಗುವಷ್ಟರಲ್ಲಿ ಮತ್ತೊಮ್ಮೆ, "ರೀ!" ಮಗು ಕಾಲು ನೆಲಕ್ಕೆ ಬಡಿದು, ಅಮ್ಮನನ್ನೇ ನೋಡುತ್ತ ಕರೆಯುತ್ತಿತ್ತು. ಸುಧಾ ತಲೆ ಎತ್ತಿದಳು. ಫೋನು ಬ್ಯಾಗಿಗೆ ಹೋಯಿತೋ ಬೀದಿಗೆ ಬಿತ್ತೋ, ಓಡಿಬಂದು ಮೆಟ್ಟಿಲ ಮೇಲೆ ಕುಸಿದು ಕೂತು ಅವಳನ್ನು ಅಪ್ಪಿಕೊಂಡಳು.

"ನನ್ನೇ ಕರೆದ್ಳಾ ಅತ್ತೆ?"

"ಮತ್ತಿನ್ಯಾರನ್ನ? ಆದ್ರೆ ನೋಡು, ಅಮ್ಮ ಅನ್ನೋದು ಬಿಟ್ಟು..."

"ಏನಾದ್ರೂ ಅನ್ಲಿ ಬಿಡ್ರಿ. ನನ್ನ ನೋಡಿ ಕರೆದ್ಳಲ್ಲ." ಅಳುತ್ತ ನಗುತ್ತ ಮಗುವಿಗೆ ಹೇಳಿದಳು, "ಬಂದೆ ಕಣ್ರೀ, ಬಂದೆ."

ಅಮ್ಮ ಎಂಬ ಮಾತೂ ಆಮೇಲೆ ಬಂತು. ಅದರ ಹಿಂದೆ ಉಳಿದವೆಲ್ಲ ಕಟ್ಟೆಯೊಡೆದು ಬಂದವು. ಈಗ ಅವಳಿಗೆ ನಾಲ್ಕು ದಾಟಿದೆ, ಬಾಯಿ ಒಂದು ಗಳಿಗೆ ಮುಚ್ಚುವುದಿಲ್ಲ. ಅಂಗನವಾಡಿಯಿಂದ ಬಂದರೆ ಮುಗಿಯಿತು. ಯಾರು ಯಾರನ್ನು ದೂಕಿದರು, ಯಾರ ಮನೆಯ ಮೇಕೆ ಈಯಿತು, ಬೀಬಮ್ಮನ ಮನೆಯ ಹಬ್ಬದ ಪಾಯಸ ಸುರಕುಂಬಾದಲ್ಲಿ ದ್ರಾಕ್ಷಿ ಎಷ್ಟಿತ್ತು. ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತದೆ.

ಅಂಗಡಿಯವನು ಫೋನು ಸರಿ ಮಾಡಿ ಕೊಟ್ಟಿದ್ದಾನೆ, ನಾಗಂದಿಗೆಯ ಮೇಲಿದೆ. ನಾನು ಮಧ್ಯಾಹ್ನದಿಂದ ಈ ಹಾಳೆಗಳನ್ನು ಹಿಡಿದು ಜಗುಲಿಯ ಮೇಲೆ ಕುಳಿತು ನಿಮಗೆ ಇದನ್ನೆಲ್ಲ ಬರೆಯುತ್ತಿದ್ದೇನೆ. ಅವಳು ಪಕ್ಕದಲ್ಲೇ ನಿಂತು ಏನೋ ಹೇಳುತ್ತಲೇ ಇದ್ದಾಳೆ, ನಾನೂ ಬರೆಯುತ್ತಲೇ "ಹ್ಞೂಂ, ಹ್ಞೂಂ" ಎನ್ನುತ್ತಿದ್ದೆ. ಈಗ ನೋಡಿ, ಎರಡೂ ಕೈಯಿಂದ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದ್ದಾಳೆ.

"ಬರೇ ಹ್ಞೂಂ ಅಂದ್ರೆ ಆಗಲ್ಲಜ್ಜಿ. ನಾನು ಏನಂದೆ ಹೇಳು ನೋಡಾನ?"

ಏನಂದಳು? ಒಂದಕ್ಷರ ನೆನಪಿಲ್ಲ. ಪೆನ್ನು ಕೆಳಗಿಟ್ಟೆ.

"ಇನ್ನೊಂದ್ಸಲ ಹೇಳೇ ನನ್ನವ್ವಾ."

ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟು, ನನ್ನ ಗದ್ದ ಬಿಡದೆಯೇ, ಮೊದಲಿನಿಂದ ಶುರು ಮಾಡಿದಳು.